ಬಸಿರಿನ ಅತಿವಾಂತಿ: ಕಾರಣ ಹುಡುಕಿದ ಕಥೆ

ಹಳೆಯ ಕನ್ನಡ ಚಲನಚಿತ್ರಗಳನ್ನು ನೋಡಿದವರಿಗೆ ಈ ದೃಶ್ಯ ಚೆನ್ನಾಗಿ ಗೊತ್ತು. ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದು ಬಚ್ಚಲಿನ ಕಡೆ ಓಡುತ್ತಾಳೆ. ಅತ್ತೆಯ ಮುಖ ಅರಳುತ್ತದೆ. ಮರುಕ್ಷಣದಲ್ಲೇ ಮನೆಯಲ್ಲಿ ಸಂಭ್ರಮ. ವಾಂತಿಯನ್ನು ಬಸಿರಿನ ಗುರುತಾಗಿ ಕಾಣುವುದು ಹೊಸದೇನಲ್ಲ. ಚರಕಸಂಹಿತೆಯ ಶಾರೀರಸ್ಥಾನವು ಗರ್ಭ ನಿಂತಿರುವ ಲಕ್ಷಣಗಳನ್ನು ಹೇಳುವಾಗ ಮುಟ್ಟು ನಿಲ್ಲುವುದು, ಬಾಯಲ್ಲಿ ನೀರೂರುವುದು, ಅನ್ನ ಬೇಡವಾಗುವುದು, ವಾಂತಿ, ಹುಳಿಯ ಬಯಕೆ ಇವೆಲ್ಲವನ್ನೂ ಪಟ್ಟಿ ಮಾಡಿದೆ. ಕ್ರಿ.ಶ. 2ನೇ ಶತಮಾನದ ಗ್ರೀಕ್ ವೈದ್ಯ ಸೊರಾನಸ್ ಕೂಡ ಈ ಸಂಕಟ ಸುಮಾರು 40ನೇ ದಿನದಿಂದ ಶುರುವಾಗುತ್ತದೆಂದು ಬರೆದಿದ್ದಾನೆ.

ನೂರು ಗರ್ಭಿಣಿಯರಲ್ಲಿ ಸುಮಾರು 70 ಮಂದಿಗೆ ವಾಕರಿಕೆ ಅಥವಾ ವಾಂತಿ ಇದ್ದೇ ಇರುತ್ತದೆ. ಹೆಚ್ಚಿನವರಿಗೆ ಐದನೆಯ ತಿಂಗಳ ಹೊತ್ತಿಗೆ ಅದು ತಾನಾಗಿಯೇ ತಗ್ಗುತ್ತದೆ. ಆದರೆ ಸಾವಿರಕ್ಕೆ 3ರಿಂದ 30 ಮಂದಿಯ ಸ್ಥಿತಿ ಬೇರೆ. ಅವರಿಗೆ ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ದೇಹದ ತೂಕ ಶೇಕಡಾ 5ಕ್ಕೂ ಹೆಚ್ಚು ಇಳಿಯಬಹುದು. ವೈದ್ಯಶಾಸ್ತ್ರ ಇದನ್ನು 'ಹೈಪರ್‌ಎಮೆಸಿಸ್ ಗ್ರಾವಿಡಾರಮ್' ಎನ್ನುತ್ತದೆ. ನಾವು 'ಬಸಿರಿನ ಅತಿವಾಂತಿ' ಎನ್ನೋಣ. ಇದರ ಕಾರಣವನ್ನು ಹುಡುಕಿದ ಕಥೆಯಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಕಲಿಯಬೇಕಾದ ಹಲವು ಪಾಠಗಳಿವೆ.

ಒಬ್ಬ ಲೇಖಕಿಯ ಸಾವು

'ಜೇನ್ ಐರ್' ಕಾದಂಬರಿ ಬರೆದ ಷಾರ್ಲಟ್ ಬ್ರಾಂಟಿ ಇಂಗ್ಲೆಂಡಿನ ಹಾವರ್ತ್ ಎಂಬ ಊರಿನ ಪಾದ್ರಿಯ ಮಗಳು. 1854ರ ಜೂನ್‌ನಲ್ಲಿ ಆಕೆಯ ಮದುವೆಯಾಯಿತು. ಕೆಲವೇ ತಿಂಗಳಲ್ಲಿ ಆಕೆ ಬಿಡದ ವಾಕರಿಕೆ ಮತ್ತು ನಿಶ್ಶಕ್ತಿಯಿಂದ ಹಾಸಿಗೆ ಹಿಡಿದಳು. 1855ರ ಮಾರ್ಚ್ 31ರಂದು, 38ನೇ ವಯಸ್ಸಿನಲ್ಲಿ ತೀರಿಕೊಂಡಳು. ಮರಣಪತ್ರದಲ್ಲಿ ಬರೆದದ್ದು ಕ್ಷಯ. ಆದರೆ ಆಕೆಯ ಗೆಳತಿ ಎಲಿಜಬೆತ್ ಗ್ಯಾಸ್ಕೆಲ್ 1857ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಬರುವ ವಿವರಗಳನ್ನು ಓದಿದ ಹಲವರು, ಆಕೆಯನ್ನು ಕೊಂದದ್ದು ಬಸಿರಿನ ಅತಿವಾಂತಿಯೇ ಇರಬೇಕೆಂದು ತರ್ಕಿಸಿದ್ದಾರೆ.

ಆ ಕಾಲದಲ್ಲಿ ಇಂಥ ಸಾವು ಅಪರೂಪವಾಗಿರಲಿಲ್ಲ. ಫ್ರಾನ್ಸಿನ ಪ್ರಸೂತಿ ತಜ್ಞ ಪಾಲ್ ದ್ಯುಬ್ವಾ 1852ರಲ್ಲಿ ಅಲ್ಲಿನ ವೈದ್ಯಕೀಯ ಅಕಾಡೆಮಿಯ ಮುಂದೆ ಅತಿವಾಂತಿಯಿಂದಾದ 20 ಸಾವುಗಳನ್ನು ವರದಿ ಮಾಡಿದ. ತಾಯಿಯನ್ನು ಉಳಿಸಲು ಗರ್ಭವನ್ನೇ ತೆಗೆಯಬೇಕೆ ಎಂಬ ಚರ್ಚೆ ಆಗ ನಡೆಯಿತು. ಬೇರೆ ದಾರಿ ವೈದ್ಯರ ಕೈಯಲ್ಲಿ ಇರಲಿಲ್ಲ.

ವಾಂತಿಯಿಂದ ಸಾಯುವುದೆಂದರೇನು? ಹೊಟ್ಟೆಯ ರಸದೊಂದಿಗೆ ನೀರಷ್ಟೇ ಅಲ್ಲ, ಹೈಡ್ರೊಕ್ಲೋರಿಕ್ ಆಮ್ಲವೂ ಹೊರಹೋಗುತ್ತದೆ. ರಕ್ತದ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಕುಸಿಯುತ್ತವೆ. ಪೊಟ್ಯಾಸಿಯಂ ತೀರ ಕಡಿಮೆಯಾದರೆ ಹೃದಯದ ಲಯ ತಪ್ಪುತ್ತದೆ. ಅನ್ನವಿಲ್ಲದ ದೇಹ ತನ್ನ ಕೊಬ್ಬನ್ನೇ ಒಡೆಯತೊಡಗುತ್ತದೆ. ಆಗ ಹುಟ್ಟುವ ಕೀಟೋನುಗಳು ಮೂತ್ರದಲ್ಲಿ ಕಾಣಿಸಿಕೊಳ್ಳುತ್ತವೆ. ನೀರು ಬತ್ತಿದ ದೇಹದಲ್ಲಿ ಮೂತ್ರಪಿಂಡಗಳು ಸೋಲುತ್ತವೆ.

ವಿಷವೇ? ಮನಸ್ಸೇ?

20ನೇ ಶತಮಾನದ ಆರಂಭದಲ್ಲಿ ವೈದ್ಯರು, ಗರ್ಭದಿಂದ ಹೊರಟ ಯಾವುದೋ ವಿಷ ತಾಯಿಯ ರಕ್ತ ಸೇರಿ ವಾಂತಿ ತರುತ್ತದೆಂದು ಭಾವಿಸಿದ್ದರು. ಅದು ಊಹೆ. ಆ ವಿಷ ಯಾವುದೆಂದು ಯಾರಿಗೂ ತೋರಿಸಲಾಗಲಿಲ್ಲ. ಈ ಊಹೆ ಸೊರಗುತ್ತಿದ್ದಂತೆ ಇನ್ನೊಂದು ವಿವರಣೆ ಮುಂದೆ ಬಂತು. ಮನೋವಿಶ್ಲೇಷಣೆಯ ಪ್ರಭಾವ ಹೆಚ್ಚುತ್ತಿದ್ದ ಕಾಲವದು. ಈ ಹೆಂಗಸಿಗೆ ಒಳಮನಸ್ಸಿನಲ್ಲಿ ಮಗು ಬೇಡವಾಗಿದೆ, ಆದ್ದರಿಂದಲೇ ಅದನ್ನು ಬಾಯಿಯ ಮೂಲಕ ಹೊರಹಾಕಲು ಯತ್ನಿಸುತ್ತಿದ್ದಾಳೆ ಎಂದು ಕೆಲವರು ವಾದಿಸಿದರು. ಗಂಡನ ಮೇಲಿನ ಅಸಮಾಧಾನ, ತಾಯಿಯ ಮೇಲಿನ ಅತಿ ಅವಲಂಬನೆ, ಗಮನ ಸೆಳೆಯುವ ಹಟ, ಹೀಗೆ ಕಾರಣಗಳ ಪಟ್ಟಿ ಬೆಳೆಯಿತು.

ವಿವರಣೆಗೆ ತಕ್ಕಂತೆ ಚಿಕಿತ್ಸೆಯೂ ಬದಲಾಯಿತು. ಕೆಲವು ಆಸ್ಪತ್ರೆಗಳಲ್ಲಿ ರೋಗಿಯನ್ನು ಒಂಟಿಯಾಗಿ ಕೋಣೆಯಲ್ಲಿ ಇರಿಸಿ, ಮನೆಯವರು ಬಾರದಂತೆ ತಡೆದರು. ವಾಂತಿ ಮಾಡಲು ಇಡುವ ಬೋಗುಣಿಯನ್ನು ಕೂಡ ತೆಗೆದುಬಿಟ್ಟರು. ಬೋಗುಣಿ ಇಲ್ಲದಿದ್ದರೆ ವಾಂತಿಯೂ ನಿಂತೀತೆಂಬ ನಂಬಿಕೆ!

ಇಲ್ಲಿ ತರ್ಕದ ದೋಷ ಎಲ್ಲಿದೆ, ಗಮನಿಸಿ. ವಾರಗಟ್ಟಲೆ ಊಟ, ನಿದ್ರೆ ಇಲ್ಲದೆ ನರಳುವವರಲ್ಲಿ ಖಿನ್ನತೆ, ಕಣ್ಣೀರು, ಸಿಡುಕು ಇದ್ದೇ ಇರುತ್ತವೆ. ಅವು ಕಾಯಿಲೆಯ ಪರಿಣಾಮ. ಪರಿಣಾಮವನ್ನೇ ಕಾರಣವೆಂದು ಎಣಿಸಿದಾಗ ನರಳುವವಳೇ ಅಪರಾಧಿಯಾದಳು. ಈ ವಾದವನ್ನು ಪರೀಕ್ಷೆಗೆ ಒಡ್ಡುವ ದಾರಿಯೂ ಇರಲಿಲ್ಲ. ತನಗೆ ಮಗು ಬೇಕು ಎಂದು ಆಕೆ ಎಷ್ಟು ಹೇಳಿದರೂ, ಒಳಮನಸ್ಸಿನದು ಅವಳಿಗೇ ತಿಳಿಯದು ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಸಲೈನ್ ತಂದ ತಿರುವು

ಪ್ರಾಣ ಉಳಿಸಿದ್ದು ಸಿದ್ಧಾಂತವಲ್ಲ, ಉಪ್ಪುನೀರು. 1832ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಲಾಟಾ ಕಾಲರಾ ರೋಗಿಗಳ ರಕ್ತನಾಳಕ್ಕೆ ಲವಣದ್ರಾವಣ ಹರಿಸಿ, ಸಾವಿನಂಚಿನಲ್ಲಿದ್ದ ಕೆಲವರನ್ನು ಚೇತರಿಸುವಂತೆ ಮಾಡಿದ್ದ. ಆದರೆ ಸೋಂಕಿಲ್ಲದ ದ್ರಾವಣ, ಸೂಜಿ, ನಳಿಕೆಗಳು ಆಸ್ಪತ್ರೆಯ ದಿನನಿತ್ಯದ ವಸ್ತುಗಳಾಗಲು ಮುಂದೆ ನೂರು ವರ್ಷ ಬೇಕಾಯಿತು. ಬ್ರಿಟನ್ನಿನಲ್ಲಿ 1931ರಿಂದ 1940ರ ಅವಧಿಯಲ್ಲಿ ಪ್ರತಿ ಹತ್ತು ಲಕ್ಷ ಹೆರಿಗೆಗೆ 159 ತಾಯಂದಿರು ಅತಿವಾಂತಿಯಿಂದ ಸಾಯುತ್ತಿದ್ದರು. 1951ರಿಂದ 1960ರ ಅವಧಿಗೆ ಆ ಸಂಖ್ಯೆ 3ಕ್ಕೆ ಇಳಿಯಿತು. ಮನಸ್ಸಿನ ಕಾರಣವನ್ನು ಮುಟ್ಟದೆಯೇ, ಕಳೆದುಹೋದ ನೀರು ಮತ್ತು ಲವಣವನ್ನು ತುಂಬಿಕೊಟ್ಟು ಸಾವನ್ನು ತಡೆಯಲು ಸಾಧ್ಯವಾಯಿತು.

ಸಲೈನ್‌ನೊಂದಿಗೆ ಇನ್ನೊಂದು ಎಚ್ಚರವನ್ನೂ ವೈದ್ಯರು ಕಲಿತರು. ದೇಹದಲ್ಲಿ ವಿಟಮಿನ್ ಬಿ-1, ಅಂದರೆ ಥಯಮಿನ್, ಎರಡು ಮೂರು ವಾರಗಳಿಗೆ ಆಗುವಷ್ಟೇ ಇರುತ್ತದೆ. ಗ್ಲೂಕೋಸನ್ನು ಉರಿಸಿ ಶಕ್ತಿ ಪಡೆಯಲು ಇದು ಬೇಕೇ ಬೇಕು. ವಾರಗಟ್ಟಲೆ ವಾಂತಿಯಾದವರಿಗೆ ಥಯಮಿನ್ ಕೊಡದೆ ಗ್ಲೂಕೋಸನ್ನಷ್ಟೇ ಏರಿಸಿದರೆ ಉಳಿದಿದ್ದ ಅಲ್ಪ ಥಯಮಿನ್ ಕೂಡ ಖಾಲಿಯಾಗಿ ಮಿದುಳಿಗೆ ಹಾನಿಯಾಗಬಹುದು. ಕಣ್ಣಾಲಿಗಳ ಚಲನೆ ಕೆಡುವುದು, ನಡಿಗೆ ತಡವರಿಸುವುದು, ಗೊಂದಲ ಇವು ಅದರ ಲಕ್ಷಣಗಳು. 1881ರಲ್ಲಿ ಇದನ್ನು ವಿವರಿಸಿದ ಕಾರ್ಲ್ ವೆರ್ನಿಕೆಯ ಹೆಸರೇ ಈ ರೋಗಕ್ಕಿದೆ. ಹಾಗಾಗಿ ಮೊದಲು ಥಯಮಿನ್, ಆಮೇಲೆ ಗ್ಲೂಕೋಸ್ ಎಂಬುದು ಇಂದಿನ ಕ್ರಮ.

ಮಾತ್ರೆಯ ಮೇಲಿನ ಮೊಕದ್ದಮೆ

ಸಾವು ತಪ್ಪಿತು, ಆದರೆ ಸಂಕಟ ತಪ್ಪಲಿಲ್ಲ. ಅದಕ್ಕೆ ಮಾತ್ರೆಗಳು ಬಂದವು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೆಯ ಔಷಧಿಯಾಗಿ ಮಾರುಕಟ್ಟೆಗೆ ಬಂದ ಥ್ಯಾಲಿಡೊಮೈಡನ್ನು ಗರ್ಭಿಣಿಯರ ವಾಂತಿಗೂ ಕೊಟ್ಟರು. ಕೈಕಾಲು ಬೆಳೆಯದ ಮಕ್ಕಳು ಹುಟ್ಟತೊಡಗಿದವು. ಜರ್ಮನಿಯ ವಿಡುಕಿಂಡ್ ಲೆನ್ಸ್ ಮತ್ತು ಆಸ್ಟ್ರೇಲಿಯದ ವಿಲಿಯಂ ಮೆಕ್‌ಬ್ರೈಡ್ 1961ರಲ್ಲಿ ಇದನ್ನು ಬಯಲಿಗೆಳೆದರು. ಅಷ್ಟರಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಬಲಿಯಾಗಿದ್ದರು. ಅಮೆರಿಕದಲ್ಲಿ ಔಷಧ ಇಲಾಖೆಯ ಫ್ರಾನ್ಸೆಸ್ ಕೆಲ್ಸಿ ಸಾಕಷ್ಟು ಪುರಾವೆ ಇಲ್ಲವೆಂದು ಅನುಮತಿ ತಡೆಹಿಡಿದಿದ್ದರಿಂದ ಅಲ್ಲಿ ದೊಡ್ಡ ದುರಂತ ತಪ್ಪಿತು.

ಅಮೆರಿಕದಲ್ಲಿ 1956ರಿಂದಲೇ 'ಬೆಂಡೆಕ್ಟಿನ್' ಎಂಬ ಬೇರೊಂದು ಮಾತ್ರೆ ಬಳಕೆಯಲ್ಲಿತ್ತು. ಅದರಲ್ಲಿ ಡಾಕ್ಸಿಲಮೀನ್, ವಿಟಮಿನ್ ಬಿ-6 ಮತ್ತು ಡೈಸೈಕ್ಲೊಮೀನ್ ಎಂಬ ಮೂರು ವಸ್ತುಗಳಿದ್ದವು. 1976ರಲ್ಲಿ ಮೂರನೆಯದನ್ನು ಕೈಬಿಟ್ಟರು. ಥ್ಯಾಲಿಡೊಮೈಡಿನ ಭಯ ಇನ್ನೂ ಆರದಿದ್ದ ಕಾಲ. ಈ ಮಾತ್ರೆ ನುಂಗಿದ್ದ ತಾಯಂದಿರಲ್ಲಿ ಅಂಗವೈಕಲ್ಯವಿರುವ ಮಕ್ಕಳನ್ನು ಹೆತ್ತವರು ನ್ಯಾಯಾಲಯಕ್ಕೆ ಹೋದರು.

ಇಲ್ಲೊಂದು ಸರಳ ಲೆಕ್ಕವಿದೆ. ಯಾವ ಮಾತ್ರೆ ನುಂಗದಿದ್ದರೂ ನೂರು ಶಿಶುಗಳಲ್ಲಿ ಸುಮಾರು 3ಕ್ಕೆ ಹುಟ್ಟಿನಿಂದಲೇ ಏನಾದರೂ ದೋಷವಿರುತ್ತದೆ. ಒಂದು ಲಕ್ಷ ಗರ್ಭಿಣಿಯರು ಒಂದು ಮಾತ್ರೆ ನುಂಗಿದರೆಂದುಕೊಳ್ಳಿ. ಮಾತ್ರೆ ಏನೂ ಕೆಡಕು ಮಾಡದಿದ್ದರೂ ಅವರಲ್ಲಿ ಸುಮಾರು 3,000 ಮಂದಿಗೆ ಇಂಥ ಮಗು ಹುಟ್ಟುತ್ತದೆ. ಆ 3,000 ತಾಯಂದಿರಿಗೂ ಮಾತ್ರೆಯೇ ಕಾರಣವೆನಿಸುವುದು ಸಹಜ. ನಿಜ ತಿಳಿಯಬೇಕಾದರೆ ನುಂಗದವರೊಂದಿಗೆ ಹೋಲಿಸಬೇಕು. ಅನೇಕ ಅಧ್ಯಯನಗಳು ಹೀಗೆ ಹೋಲಿಸಿ ನೋಡಿದಾಗ ವ್ಯತ್ಯಾಸ ಸಿಗಲಿಲ್ಲ. ಆದರೂ ಮೊಕದ್ದಮೆಗಳ ವೆಚ್ಚ ತಾಳಲಾರದೆ ತಯಾರಕರು 1983ರಲ್ಲಿ ಮಾತ್ರೆಯನ್ನು ಹಿಂತೆಗೆದುಕೊಂಡರು. ಆ ನಂತರ ಅಮೆರಿಕದಲ್ಲಿ ಶಿಶುಗಳ ಅಂಗವೈಕಲ್ಯ ಕಡಿಮೆಯಾಗಲಿಲ್ಲ. ಅತಿವಾಂತಿಯಿಂದ ಆಸ್ಪತ್ರೆ ಸೇರುವವರ ಪ್ರಮಾಣ ಮಾತ್ರ ಹೆಚ್ಚಿತು.

ಬೆಂಡೆಕ್ಟಿನ್ ವಿರುದ್ಧ ಸಾಕ್ಷಿ ಹೇಳಿದವರಲ್ಲಿ ಥ್ಯಾಲಿಡೊಮೈಡಿನ ಎಚ್ಚರಿಕೆ ನೀಡಿದ್ದ ಅದೇ ಮೆಕ್‌ಬ್ರೈಡ್ ಕೂಡ ಇದ್ದರು. ಆದರೆ ಡೈಸೈಕ್ಲೊಮೀನನ್ನು ಹೋಲುವ ಔಷಧಿಯೊಂದನ್ನು ಮೊಲಗಳ ಮೇಲೆ ಪ್ರಯೋಗಿಸಿ 1982ರಲ್ಲಿ ಪ್ರಕಟಿಸಿದ ಪ್ರಬಂಧದ ಅಂಕಿಅಂಶಗಳನ್ನು ಅವರು ತಿದ್ದಿದ್ದರೆಂದು ವಿಚಾರಣೆಯಲ್ಲಿ ಸಾಬೀತಾಯಿತು. 1993ರಲ್ಲಿ ಅವರ ವೈದ್ಯ ನೋಂದಣಿಯೇ ರದ್ದಾಯಿತು. ಒಮ್ಮೆ ಸರಿಯಾಗಿ ಹೇಳಿದವರ ಮಾತಿಗೂ ಪ್ರತಿ ಸಲ ಹೊಸ ಪುರಾವೆ ಬೇಕು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಅದೇ ವರ್ಷ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಬೆಂಡೆಕ್ಟಿನ್ ಕುರಿತ 'ಡಾಬರ್ಟ್' ಮೊಕದ್ದಮೆಯಲ್ಲಿ, ವಿಜ್ಞಾನದ ಹೆಸರಿನ ಸಾಕ್ಷ್ಯವನ್ನು ಹೇಗೆ ಪರಿಶೀಲಿಸಬೇಕೆಂಬ ಮಾನದಂಡ ಹಾಕಿಕೊಟ್ಟಿತು. ಡಾಕ್ಸಿಲಮೀನ್ ಮತ್ತು ಬಿ-6 ಜೋಡಿಗೆ 2013ರಲ್ಲಿ ಅಲ್ಲಿ ಮತ್ತೆ ಅನುಮತಿ ಸಿಕ್ಕಿತು. ಭಾರತದಲ್ಲೂ ವೈದ್ಯರು ಗರ್ಭಿಣಿಯರ ವಾಂತಿಗೆ ಈ ಜೋಡಿಯನ್ನು ಬರೆದುಕೊಡುತ್ತಾರೆ.

ಕಾರಣ ಸಿಕ್ಕಿತು

ಕಾರಣದ ಹುಡುಕಾಟಕ್ಕೆ ದೊಡ್ಡ ತಿರುವು ಕೊಟ್ಟವರು ತಾವೇ ಇದನ್ನು ಅನುಭವಿಸಿದ ಒಬ್ಬ ವಿಜ್ಞಾನಿ. ಅಮೆರಿಕದ ತಳಿವಿಜ್ಞಾನಿ ಮಾರ್ಲೀನಾ ಫೆಯ್ಜೊ 1999ರಲ್ಲಿ ಎರಡನೆಯ ಬಾರಿ ಗರ್ಭಿಣಿಯಾಗಿದ್ದಾಗ ಅತಿವಾಂತಿಗೆ ತುತ್ತಾದರು. ಅವರು ಗಮನ ಸೆಳೆಯಲು ಹೀಗೆ ಮಾಡುತ್ತಿದ್ದಾರೆಂದು ವೈದ್ಯರೊಬ್ಬರು ಹೇಳಿದರಂತೆ. 15ನೇ ವಾರದಲ್ಲಿ ಗರ್ಭ ಹೋಯಿತು. ಬೋಗುಣಿ ತೆಗೆದಿಟ್ಟ ಕಾಲದ ಯೋಚನೆ 20ನೇ ಶತಮಾನದ ಕೊನೆಯವರೆಗೂ ಉಳಿದಿತ್ತೆಂದಾಯಿತು.

ಅತಿವಾಂತಿಯಾದವರ ಅಕ್ಕತಂಗಿಯರಲ್ಲೂ ಅದು ಹೆಚ್ಚಾಗಿ ಕಾಣುವುದರಿಂದ, ಇದರಲ್ಲಿ ಜೀನುಗಳ ಪಾತ್ರವಿರಬೇಕೆಂದು ಫೆಯ್ಜೊ ತಂಡ ಯೋಚಿಸಿತು. ಅತಿವಾಂತಿಯಾದವರ ಮತ್ತು ವಾಂತಿಯೇ ಇಲ್ಲದವರ ಡಿಎನ್‌ಎ ಹೋಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಎಲ್ಲಕ್ಕಿಂತ ಎದ್ದು ಕಂಡದ್ದು ಜಿಡಿಎಫ್-15 ಎಂಬ ಹಾರ್ಮೋನಿನ ಜೀನು. ಜೀವಕೋಶಗಳು ಒತ್ತಡಕ್ಕೆ ಸಿಕ್ಕಾಗ ಈ ಹಾರ್ಮೋನನ್ನು ಸ್ರವಿಸುತ್ತವೆ. ಮಿದುಳಿನ ಹಿಂಭಾಗದ ಬುಡದಲ್ಲಿ, ವಾಂತಿಯನ್ನು ನಿಯಂತ್ರಿಸುವ ಜಾಗದಲ್ಲಿಯೇ, ಅದರ ಗ್ರಾಹಿ ಇರುವುದು 2017ರಲ್ಲಿ ಪತ್ತೆಯಾಗಿತ್ತು.

2023ರ ಡಿಸೆಂಬರ್‌ನಲ್ಲಿ ಕೇಂಬ್ರಿಜ್‌ನ ಸ್ಟೀಫನ್ ಓ'ರಾಹಿಲಿ, ಫೆಯ್ಜೊ ಮತ್ತಿತರರು 'ನೇಚರ್' ಪತ್ರಿಕೆಯಲ್ಲಿ ಮುಂದಿನ ಕೊಂಡಿ ತೋರಿಸಿದರು. ಬಸಿರಿನಲ್ಲಿ ತಾಯಿಯ ರಕ್ತದಲ್ಲಿರುವ ಜಿಡಿಎಫ್-15ರ ಬಹುಪಾಲು ಭ್ರೂಣ ಮತ್ತು ಮಾಸಿನಿಂದ ಬರುತ್ತದೆ. ಆದರೆ ತೊಂದರೆ ಎಷ್ಟಾಗುವುದೆಂಬುದು ಆ ಪ್ರಮಾಣದ ಮೇಲಷ್ಟೇ ನಿಂತಿಲ್ಲ. ಬಸಿರಾಗುವ ಮೊದಲು ಆಕೆಯ ದೇಹ ಈ ಹಾರ್ಮೋನಿಗೆ ಎಷ್ಟು ರೂಢಿಯಾಗಿತ್ತು ಎಂಬುದೂ ಮುಖ್ಯ. ದಿನವೂ ಖಾರ ತಿನ್ನುವವರಿಗೆ ಇನ್ನೆರಡು ಮೆಣಸಿನಕಾಯಿ ಲೆಕ್ಕಕ್ಕಿಲ್ಲ, ರೂಢಿಯಿಲ್ಲದವರಿಗೆ ಅರ್ಧ ಕಾಯಿಯೇ ಸಾಕು. ಇದೂ ಹಾಗೆಯೇ. ಹುಟ್ಟಿನಿಂದ ಜಿಡಿಎಫ್-15 ಕಡಿಮೆ ಇರುವ ಜೀನು ಪಡೆದವರಿಗೆ ಅಪಾಯ ಹೆಚ್ಚು. ಬೀಟಾ ಥ್ಯಾಲಸೀಮಿಯ ಎಂಬ ರಕ್ತದ ಕಾಯಿಲೆ ಇರುವವರಲ್ಲಿ ಈ ಹಾರ್ಮೋನು ಸದಾ ಹೆಚ್ಚು. ಶ್ರೀಲಂಕಾದಲ್ಲಿ ಅಂಥ ಹೆಂಗಸರನ್ನು ವಿಚಾರಿಸಿದಾಗ ಬಸಿರಿನಲ್ಲಿ ಅವರಿಗೆ ವಾಕರಿಕೆ ತೀರ ಕಡಿಮೆಯೆಂದು ತಿಳಿಯಿತು. ಇಲಿಗಳಿಗೆ ಮೊದಲೇ ಸ್ವಲ್ಪ ಜಿಡಿಎಫ್-15 ಕೊಟ್ಟಿದ್ದರೆ ಆಮೇಲಿನ ದೊಡ್ಡ ಪ್ರಮಾಣವನ್ನು ಅವು ಹೆಚ್ಚು ತಾಳಿಕೊಂಡವು. ಬಸಿರಿಗೆ ಮೊದಲೇ ದೇಹವನ್ನು ಹೀಗೆ ರೂಢಿಸಬಹುದೇ ಎಂಬ ಪ್ರಶ್ನೆ ಇದರಿಂದ ಎದ್ದಿದೆ. ಮನುಷ್ಯರಲ್ಲಿ ಅದು ಇನ್ನೂ ಸಾಬೀತಾಗಬೇಕು.

ತಮಾಷೆಯೆಂದರೆ, ಗರ್ಭದಿಂದ ಬರುವ ವಸ್ತುವೊಂದು ತಾಯಿಯನ್ನು ಕಾಡುತ್ತದೆಂಬ ಹಳೆಯ ಊಹೆ ಒಂದು ಅರ್ಥದಲ್ಲಿ ನಿಜದ ಹತ್ತಿರವಿತ್ತು. ಅದನ್ನು ಬಿಟ್ಟು ಮನಸ್ಸಿನ ಕಡೆ ತಿರುಗಿದ್ದು ಹಿನ್ನಡೆಯಾಯಿತು.

ಇಂದು ಮಾಡಬೇಕಾದದ್ದು

ಸಾಧಾರಣ ವಾಕರಿಕೆಗೆ ಸ್ವಲ್ಪ ಸ್ವಲ್ಪವೇ ಆಗಾಗ ತಿನ್ನುವುದು, ಗುಟುಕು ಗುಟುಕಾಗಿ ಕುಡಿಯುವುದು, ಒಗ್ಗರಣೆಯ ಘಾಟು ಆಗದಿದ್ದರೆ ಅಡುಗೆಮನೆಯಿಂದ ದೂರವಿರುವುದು ನೆರವಾಗುತ್ತವೆ. ಆದರೆ ಕುಡಿದದ್ದೇನೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ, ಎದ್ದು ನಿಂತಾಗ ತಲೆ ಸುತ್ತಿದರೆ, ತೂಕ ಇಳಿಯುತ್ತಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಸಲೈನ್, ಥಯಮಿನ್ ಮತ್ತು ವಾಂತಿ ತಡೆಯುವ ಸೂಕ್ತ ಔಷಧಗಳು ಅಲ್ಲಿ ಸಿಗುತ್ತವೆ. ವೈದ್ಯರ ಸಲಹೆ ಇಲ್ಲದೆ ಯಾವ ಮಾತ್ರೆಯನ್ನೂ ನುಂಗಬಾರದು, ಭಯದಿಂದ ವೈದ್ಯರು ಕೊಟ್ಟದ್ದನ್ನು ಬಿಡಲೂಬಾರದು.

'ನಮಗೂ ಆಗಿತ್ತು, ನಾವು ಸಹಿಸಿಕೊಳ್ಳಲಿಲ್ಲವೇ?' ಎಂಬ ಮಾತು ನಮ್ಮ ಮನೆಗಳಲ್ಲಿ ಈಗಲೂ ಕೇಳಿಬರುತ್ತದೆ. ಹಾಗೆ ಹೇಳುವವರಿಗೆ ಆಗಿದ್ದು ಬೇರೆ, ಈಕೆಗೆ ಆಗುತ್ತಿರುವುದು ಬೇರೆ ಇರಬಹುದು. ಹಾರ್ಮೋನುಗಳ ಪಾಠ ಮಾಡುವಾಗ ಶಿಕ್ಷಕರು ಈ ವ್ಯತ್ಯಾಸವನ್ನು ತರಗತಿಯಲ್ಲಿ ವಿವರಿಸಿದರೆ ಒಳ್ಳೆಯದು. ಅಲ್ಲಿ ಕುಳಿತಿರುವ ಹುಡುಗ ಹುಡುಗಿಯರಲ್ಲಿ ಯಾರಾದರೂ ಮುಂದೊಂದು ದಿನ ಸಕಾಲದಲ್ಲಿ ಒಬ್ಬಾಕೆಯನ್ನು ಆಸ್ಪತ್ರೆಗೆ ಕರೆದೊಯ್ದಾರು.