ಮೂರಕ್ಷರ, 124 ಜೀವ

ಕೀ ತಿರುಗಿಸಿ ಸ್ಟಾರ್ಟ್ ಮಾಡೋ ಕಾರು ನಿಮ್ಮಲ್ಲಿದ್ದರೆ ಆ ಕೀ ತೂರಿಸೋ ಜಾಗವನ್ನೊಮ್ಮೆ ಗಮನಿಸಿ ನೋಡಿ. ಸುತ್ತಲೂ ನಾಲ್ಕು ಗುರುತುಗಳಿರುತ್ತವೆ. ಲಾಕ್, ಎಸಿಸಿ, ಆನ್, ಸ್ಟಾರ್ಟ್. ಎಸಿಸಿ ಅಂದರೆ ಆಕ್ಸೆಸರಿ. ಎಂಜಿನ್ ಬಂದ್, ರೇಡಿಯೋ ಮಾತ್ರ ಚಾಲೂ. ಹೆಂಡತಿ ಅಂಗಡಿಗೆ ಹೋಗಿ ಬರೋವರೆಗೆ ಗಂಡ ಕಾರಲ್ಲೇ ಕೂತು ಹಾಡು ಕೇಳಲಿ ಅಂತ ಇರೋ ಜಾಗ ಅದು. ಇಷ್ಟು ನಿರುಪದ್ರವಿ ಮೂರಕ್ಷರ ಅಮೆರಿಕದ ದೈತ್ಯ ಕಂಪನಿ ಜನರಲ್ ಮೋಟಾರ್ಸ್ ಅನ್ನು ಸಂಸತ್ತಿನ ಕಟಕಟೆಯಲ್ಲಿ ನಿಲ್ಲಿಸಿತು. ಹೇಗೆ ಅಂತ ಹೇಳ್ತೀನಿ ಕೇಳಿ.

ಕತೆ ಶುರುವಾಗೋದು ನೂರು ವರ್ಷಕ್ಕೂ ಹಿಂದೆ. ಆಗ ಕಾರಿನ ಮುಂದೆ ನಿಂತು ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. ಒಹಾಯೋ ರಾಜ್ಯದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ಇದಕ್ಕೆ ವಿದ್ಯುತ್ ಸ್ಟಾರ್ಟರ್ ಕಂಡುಹಿಡಿದರು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂತು. ಕ್ಯಾಡಿಲಾಕ್ ಯಾರದ್ದು? ಜನರಲ್ ಮೋಟಾರ್ಸ್‌ದೇ. ಮುಂದೆ ಕೆಟರಿಂಗ್ ಅದೇ ಕಂಪನಿಯ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು. ಕಾರು ಸ್ಟಾರ್ಟ್ ಮಾಡೋದನ್ನು ಸುರಕ್ಷಿತ ಮಾಡಿದ ಮನೆ ಅದು. ಇದು ನೆನಪಿರಲಿ.

ಆ ಕಾಲದ ಸ್ವಿಚ್ ಸರಳ. ತಿರುಗಿಸಿದರೆ ಒಳಗಿನ ಲೋಹದ ತುಂಡುಗಳು ತಾಗಿ ಕರೆಂಟ್ ಹರಿಯುತ್ತಿತ್ತು, ಅಷ್ಟೇ. ಆಮೇಲೆ ಕಾರಿನೊಳಗೆ ಪುಟ್ಟ ಪುಟ್ಟ ಕಂಪ್ಯೂಟರ್‌ಗಳು ಬಂದವು. ಎಂಜಿನ್‌ಗೊಂದು, ಬ್ರೇಕಿಗೊಂದು, ಏರ್‌ಬ್ಯಾಗಿಗೊಂದು. ಎಲ್ಲವೂ ಸದಾ ಎಚ್ಚರವಿದ್ದರೆ ಬೆಳಗಾಗೋದರೊಳಗೆ ಬ್ಯಾಟರಿ ಖಾಲಿ. ಹಾಗಾಗಿ ಯಾವಾಗ ಏಳಬೇಕು, ಯಾವಾಗ ಮಲಗಬೇಕು ಅಂತ ಯಾರಾದರೂ ಹೇಳಬೇಕು. 1986ರಲ್ಲಿ ಜರ್ಮನಿಯ ಬಾಷ್ ಕಂಪನಿ ಈ ಕಂಪ್ಯೂಟರ್‌ಗಳು ಪರಸ್ಪರ ಮಾತಾಡೋಕೆ ಕ್ಯಾನ್ ಎಂಬ ವ್ಯವಸ್ಥೆಯನ್ನು ಜಗತ್ತಿನ ಮುಂದಿಟ್ಟಿತು. ಇಂಥ ಜಾಲ ಬಂದ ಮೇಲೆ ಕೀ ಕೆಲಸವೇ ಬದಲಾಯಿತು. ಅದು ಕರೆಂಟ್ ಹರಿಸೋದಕ್ಕಿಂತ ಹೆಚ್ಚಾಗಿ ಸುದ್ದಿ ಕೊಡೋ ಸಾಧನ ಆಯಿತು.

ಬಾಡಿ ಕಂಟ್ರೋಲ್ ಮಾಡ್ಯೂಲ್ ಅಂತ ಒಂದಿರುತ್ತೆ. ಕೀ ಎಲ್ಲಿದೆ ಅಂತ ಅದು ನೋಡುತ್ತೆ. ನೋಡಿ, ಊರಲ್ಲಿ ಡಂಗುರ ಸಾರಿದ ಹಾಗೆ ಜಾಲದಲ್ಲಿ ಸಾರುತ್ತೆ. ‘ನಾವೀಗ ಆಫ್’, ‘ನಾವೀಗ ಆಕ್ಸೆಸರಿ’, ‘ನಾವೀಗ ರನ್’, ‘ನಾವೀಗ ಕ್ರ್ಯಾಂಕ್’. ಇದಕ್ಕೆ ಪವರ್ ಮೋಡ್ ಅಂತಾರೆ. ಉಳಿದವರು ಪ್ರಶ್ನೆ ಕೇಳೋ ಹಾಗಿಲ್ಲ. ಡಂಗುರ ಕೇಳಿ ಏಳಬೇಕು, ಡಂಗುರ ಕೇಳಿ ಮಲಗಬೇಕು. ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಇದು ಒಳ್ಳೆ ವ್ಯವಸ್ಥೆಯೇ. ಡಂಗುರದವನು ಸತ್ಯ ಹೇಳುವವರೆಗೆ.

ಈಗ 2002ಕ್ಕೆ ಬನ್ನಿ. ಜನರಲ್ ಮೋಟಾರ್ಸ್ ತನ್ನ ಸಣ್ಣ ಕಾರುಗಳಿಗೆ ಹೊಸ ಇಗ್ನಿಷನ್ ಸ್ವಿಚ್ ಒಂದಕ್ಕೆ ಒಪ್ಪಿಗೆ ಕೊಟ್ಟಿತು. ಕೀಯನ್ನು ಒಂದೇ ಜಾಗದಲ್ಲಿ ಹಿಡಿದಿಡಬೇಕಾದ ಅದರ ಸ್ಪ್ರಿಂಗ್ ದುರ್ಬಲ. ಕಂಪನಿಯೇ ಬರೆದಿಟ್ಟ ಅಳತೆಗಿಂತ ಕಡಿಮೆ ಬಲ. ಆದರೂ ಪಾಸ್! ಸ್ಯಾಟರ್ನ್ ಅಯಾನ್, ಷೆವರ್ಲೆ ಕೋಬಾಲ್ಟ್ ಕಾರುಗಳಲ್ಲಿ ಅದು ರಸ್ತೆಗಿಳಿಯಿತು. ಮೊಣಕಾಲು ತಾಗಿದರೆ, ಭಾರದ ಕೀಚೈನ್ ಜೋತಾಡಿದರೆ, ಗುಂಡಿಗೆ ಚಕ್ರ ಬಿದ್ದರೆ ಕೀ ರನ್‌ನಿಂದ ಎಸಿಸಿಗೆ ಜಾರುತ್ತಿತ್ತು. ಓಡುವ ಕಾರಿನಲ್ಲಿ ಎಂಜಿನ್ ಬಂದ್. ಪವರ್ ಸ್ಟೀರಿಂಗ್ ಬಂದ್.

ದೂರುಗಳು ಬಂದವು. ಎಂಜಿನಿಯರ್‌ಗಳು ಕೂತು ಚರ್ಚಿಸಿದರು. ಏನಂತ ಬರೆದುಕೊಂಡರು ಗೊತ್ತಾ? ಇದು ಸುರಕ್ಷತೆಯ ಪ್ರಶ್ನೆಯಲ್ಲ, ‘ಗ್ರಾಹಕರ ಅನುಕೂಲ’ದ ಪ್ರಶ್ನೆ ಅಂತ. 2005ರಲ್ಲಿ ಡೀಲರ್‌ಗಳಿಗೆ ಹೋದ ಸಲಹೆ: ಕೀಚೈನಿನಿಂದ ಭಾರದ ವಸ್ತು ತೆಗೆಯಲು ಗ್ರಾಹಕರಿಗೆ ಹೇಳಿ.

ಇಲ್ಲೇ ಅನಾಹುತ ಕೂತಿತ್ತು. ಎಸಿಸಿ ಅಂದರೆ ಕಾರು ನಿಂತಿದೆ ಅಂತ ಲೆಕ್ಕ. ನಿಂತ ಕಾರಿನಲ್ಲಿ ಏರ್‌ಬ್ಯಾಗ್ ಸುಮ್ಮಸುಮ್ಮನೆ ಸಿಡಿಯಬಾರದಲ್ಲ? ಹಾಗಾಗಿ ಡಂಗುರ ‘ಆಕ್ಸೆಸರಿ’ ಅಂದ ಕೂಡಲೇ ಏರ್‌ಬ್ಯಾಗ್ ಮಾಡ್ಯೂಲ್ ಮಲಗುತ್ತಿತ್ತು. ಅಂದರೆ ಕಾರು ಹಿಡಿತ ತಪ್ಪಿ ಮರಕ್ಕೆ ಗುದ್ದೋ ಆ ಕ್ಷಣದಲ್ಲೇ, ಪ್ರಾಣ ಉಳಿಸಬೇಕಾದ ಚೀಲ ನಿದ್ದೆಯಲ್ಲಿ! ಕಾರಿನ ವೇಗ ಎಷ್ಟು ಅನ್ನೋ ಅಂಕಿ ಅದೇ ಮಾಡ್ಯೂಲಿಗೂ ಬರುತ್ತಿತ್ತು. ಆದರೆ ಅದು ನಂಬಿದ್ದು ಕೀಯನ್ನು, ಚಕ್ರವನ್ನಲ್ಲ.

2006ರ ಅಕ್ಟೋಬರ್‌ನಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಂದು ಕೋಬಾಲ್ಟ್ ಮರಗಳಿಗೆ ಗುದ್ದಿತು. ಒಳಗಿದ್ದ ಮೂವರು ಹದಿಹರೆಯದವರಲ್ಲಿ ಇಬ್ಬರು ಸತ್ತರು. ಏರ್‌ಬ್ಯಾಗ್ ತೆರೆದಿರಲಿಲ್ಲ. ತನಿಖೆ ಮಾಡಿದ ರಾಜ್ಯ ಪೊಲೀಸ್ ಅಧಿಕಾರಿ ಕಾರಿನ ದಾಖಲೆ ಪೆಟ್ಟಿಗೆ ನೋಡಿದರು. ಪವರ್ ಮೋಡ್: ಆಕ್ಸೆಸರಿ. ಸ್ವಿಚ್ ಜಾರಿದ್ದರಿಂದಲೇ ಏರ್‌ಬ್ಯಾಗ್ ತೆರೆಯಲಿಲ್ಲ ಅಂತ 2007ರ ಫೆಬ್ರವರಿಯಲ್ಲೇ ಬರೆದರು. ಒಬ್ಬ ಪೊಲೀಸ್‌ಗೆ ಹೊಳೆದದ್ದು ಕಾರು ಕಟ್ಟಿದ ಕಂಪನಿಗೆ ಹೊಳೆಯಲು ಇನ್ನೂ ಏಳು ವರ್ಷ ಬೇಕಾಯಿತು!

ಯಾಕೆ? ಸ್ವಿಚ್ ನೋಡುವವರಿಗೆ ಏರ್‌ಬ್ಯಾಗ್ ಗೊತ್ತಿರಲಿಲ್ಲ. ಏರ್‌ಬ್ಯಾಗ್ ನೋಡುವವರಿಗೆ ಸ್ವಿಚ್ ಗೊತ್ತಿರಲಿಲ್ಲ. ಇನ್ನೊಂದು ಕಾರಣ ಕೇಳಿದರೆ ಮೈ ಉರಿಯುತ್ತೆ. 2006ರಲ್ಲಿ ಸ್ಪ್ರಿಂಗ್ ಗಟ್ಟಿ ಮಾಡಿದ ಹೊಸ ಸ್ವಿಚ್‌ಗೆ ಕಂಪನಿಯ ಎಂಜಿನಿಯರ್ ಸಹಿ ಹಾಕಿದರು. ಆದರೆ ಬಿಡಿಭಾಗದ ನಂಬರ್ ಬದಲಾಗಲಿಲ್ಲ. ಒಳಗೆ ಬೇರೆ, ಹೊರಗೆ ಅದೇ ನಂಬರ್. ಹೊಸ ಕಾರುಗಳಲ್ಲಿ ತೊಂದರೆ ಯಾಕೆ ಕಡಿಮೆ ಅಂತ ಕಂಪನಿಯ ತನಿಖೆಗಾರರೇ ವರ್ಷಗಟ್ಟಲೆ ತಲೆ ಕೆರೆದುಕೊಂಡರು. ಕೊನೆಗೆ ಗುಟ್ಟು ಒಡೆದದ್ದು ಮಗಳನ್ನು ಕಳೆದುಕೊಂಡು ಕೋರ್ಟಿಗೆ ಹೋದ ಜಾರ್ಜಿಯಾದ ಕುಟುಂಬವೊಂದರಿಂದ. ಅವರ ಪರ ಎಂಜಿನಿಯರ್ ಹಳೇ ಸ್ವಿಚ್, ಹೊಸ ಸ್ವಿಚ್ ಎರಡನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟರು. ಸ್ಪ್ರಿಂಗ್ ಬೇರೆ ಬೇರೆ!

2014ರ ಫೆಬ್ರವರಿಯಲ್ಲಿ ರೀಕಾಲ್ ಶುರುವಾಯಿತು. ಸಂಖ್ಯೆ ಬೆಳೆಯುತ್ತಾ ಹೋಗಿ ಸುಮಾರು 26 ಲಕ್ಷ ಕಾರು ತಲುಪಿತು. ಆಗಷ್ಟೇ ಸಿಇಒ ಆಗಿದ್ದ ಮೇರಿ ಬಾರಾ ಏಪ್ರಿಲ್ 1ರಂದು ಅಮೆರಿಕ ಸಂಸತ್ತಿನ ಸಮಿತಿ ಮುಂದೆ ಕೂತರು. ಆ ವಿಚಾರಣೆಯಲ್ಲಿ ಕೇಳಿಬಂದ ಅಂಕಿ 57 ಸೆಂಟ್. ದುರಸ್ತಿಗೆ ಬೇಕಿದ್ದ ಬಿಡಿಭಾಗದ ಬೆಲೆ ಅದು, ಒಂದು ಡಾಲರ್ ಕೂಡ ಅಲ್ಲ. ಕಂಪನಿಯ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. ಗಾಯಾಳುಗಳು 275. ಹದಿನೈದು ಉದ್ಯೋಗಿಗಳು ಮನೆಗೆ ಹೋದರು. 2015ರಲ್ಲಿ ಕಂಪನಿ 90 ಕೋಟಿ ಡಾಲರ್ ಕಟ್ಟಿ ಸರ್ಕಾರದ ಜೊತೆ ಕ್ರಿಮಿನಲ್ ಕೇಸ್ ಇತ್ಯರ್ಥ ಮಾಡಿಕೊಂಡಿತು. ಜೈಲಿಗೆ ಹೋದವರು? ಒಬ್ಬರೂ ಇಲ್ಲ.

ಏರ್‌ಬ್ಯಾಗ್ ಮಾಡ್ಯೂಲನ್ನು ನಾನು ಬೈಯಲ್ಲ. ಅದಕ್ಕೆ ‘ಆಕ್ಸೆಸರಿ’ ಅಂದರು, ಮಲಗಿತು. ಯಂತ್ರ ಅದು. ಆದರೆ ‘ಗ್ರಾಹಕರ ಅನುಕೂಲ’ ಅಂತ ಬರೆದ ಕಾಗದ ನೋಡಿ ಹತ್ತು ವರ್ಷ ಮಲಗಿದವರು ಮನುಷ್ಯರು. ಅವರಿಗೆ ಸಾವಿನ ಸುದ್ದಿ ಬರುತ್ತಲೇ ಇತ್ತು. ಅವರು ನಂಬಿದ್ದು ಕಾಗದದ ಮೇಲಿನ ಆ ಪದವನ್ನು.

ಕೊನೆಗೊಂದು ಮಾತು, ಕೆಲಸಕ್ಕೆ ಬರುತ್ತೆ. ಓಡೋ ಕಾರಿನ ಎಂಜಿನ್ ತಟ್ಟನೆ ನಿಂತರೆ ಗಾಬರಿ ಬೇಡ. ಸ್ಟೀರಿಂಗ್ ಭಾರ ಆಗುತ್ತೆ, ಆದರೆ ತಿರುಗುತ್ತೆ. ಬ್ರೇಕ್ ಗಟ್ಟಿ ಆಗುತ್ತೆ, ಆದರೆ ಹಿಡಿಯುತ್ತೆ. ಪದೇ ಪದೇ ಒತ್ತಬೇಡಿ, ಒಮ್ಮೆ ಬಲವಾಗಿ ಒತ್ತಿ ಹಿಡಿದು ಪಕ್ಕಕ್ಕೆ ನಿಲ್ಲಿಸಿ. ಆಮೇಲೆ ‘ಏನೋ ಒಂದ್ಸಲ ಹಂಗಾಯ್ತು’ ಅಂತ ಬಿಡಬೇಡಿ. ಲಿಖಿತ ದೂರು ಕೊಟ್ಟು ರಸೀದಿ ಇಸ್ಕೊಳ್ಳಿ.