ಕಾಯಿದೆಯ ಕಣ್ಣು

ಕನ್ನಡ ಪಾಠ ಹೇಳಿದವನು ನಾನು. ಆದರೂ ಕಾರ್ಖಾನೆ ಕಾಯಿದೆಗಳ ಚರಿತ್ರೆಯನ್ನು ಓದುವಾಗಲೆಲ್ಲ ಒಂದು ಮಾತು ಮನಸ್ಸಿಗೆ ನಾಟುತ್ತದೆ: ಬರೆದಿಟ್ಟ ನಿಯಮಕ್ಕೆ ನೋಡುವ ಕಣ್ಣು ಬೇಕು.

1802ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗಿರಣಿಗಳ ಅಪ್ರೆಂಟಿಸ್ ಮಕ್ಕಳ ದುಡಿಮೆಯನ್ನು ದಿನಕ್ಕೆ 12 ಗಂಟೆಗೆ ಮಿತಿಗೊಳಿಸಿತು; ವರ್ಷಕ್ಕೆರಡು ಬಾರಿ ಗೋಡೆಗಳಿಗೆ ಸುಣ್ಣ ಬಳಿಯಬೇಕೆಂದಿತು. ಮೇಲ್ವಿಚಾರಣೆಯನ್ನು ಮಾತ್ರ ಆಯಾ ಸೀಮೆಯ ನ್ಯಾಯಾಧಿಕಾರಿಗಳಿಗೆ ಬಿಟ್ಟಿತು. ಕಾಯಿದೆ ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. 1833ರಲ್ಲಿ ಸರಕಾರವೇ ನಾಲ್ವರು ಇನ್‌ಸ್ಪೆಕ್ಟರುಗಳನ್ನು ನೇಮಿಸಿ, ಗಿರಣಿಯ ಒಳಹೊಕ್ಕು ನೋಡುವ ಅಧಿಕಾರ ಕೊಟ್ಟಿತು. 1844ರಲ್ಲಿ ಅಪಾಯದ ಯಂತ್ರಗಳ ಸುತ್ತ ಬೇಲಿ ಕಡ್ಡಾಯವಾಯಿತು.

ನಮ್ಮ ದೇಶದ ಮೊದಲ ಕಾರ್ಖಾನೆ ಕಾಯಿದೆ ಬಂದುದು 1881ರಲ್ಲಿ. ಅದಾಗಿ ನೂರು ವರ್ಷ ಕಳೆದ ಮೇಲೂ, 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ವಿಷದ್ರವವನ್ನು ತಂಪಾಗಿಡಬೇಕಾದ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಕಾಯಿದೆಯೇನೋ ಇತ್ತು; ಕಣ್ಣು ಮುಚ್ಚಿತ್ತು.

1987ರ ತಿದ್ದುಪಡಿ ಅಪಾಯಕಾರಿ ಕಾರ್ಖಾನೆಗಳಲ್ಲಿ ಕಾರ್ಮಿಕರೂ ಆಡಳಿತದವರೂ ಸಮಸಂಖ್ಯೆಯಲ್ಲಿರುವ ಸುರಕ್ಷಾ ಸಮಿತಿಯನ್ನು ವಿಧಿಸಿತು. ಗಂಡಾಂತರದ ಸುಳಿವು ಕಂಡ ಕಾರ್ಮಿಕನಿಗೆ ಎಚ್ಚರಿಸುವ ಹಕ್ಕು ಕೊಟ್ಟಿತು. ಇದನ್ನೇ ನಾನು ದೊಡ್ಡದೆಂದು ಎಣಿಸುತ್ತೇನೆ. ಇನ್‌ಸ್ಪೆಕ್ಟರು ಎಂದೋ ಒಮ್ಮೆ ಬಂದು ಹೋಗುವವನು. ಯಂತ್ರದ ಮಗ್ಗುಲಲ್ಲಿ ನಿಂತವನು ದಿನವೂ ನೋಡುವವನು. ಅವನ ಮಾತಿಗೆ ಕಿವಿಗೊಡುವ ಸಂಸ್ಥೆಯಲ್ಲಿ ಮಾತ್ರ ಕಾಯಿದೆಗೆ ಜೀವವಿರುತ್ತದೆ.