ಔಷಧ ಸೇವನೆಯಲ್ಲಿ ಅನುಸರಣೆಯ ಕೊರತೆ

ವೈದ್ಯರು ಬರೆದುಕೊಟ್ಟ ಔಷಧವನ್ನು ರೋಗಿಯು ಸೂಚಿಸಿದ ಪ್ರಮಾಣದಲ್ಲಿ, ಸೂಚಿಸಿದ ವೇಳೆಗೆ, ಸೂಚಿಸಿದ ಅವಧಿಯವರೆಗೆ ಸೇವಿಸದಿರುವುದನ್ನು ಔಷಧ ಸೇವನೆಯಲ್ಲಿ ಅನುಸರಣೆಯ ಕೊರತೆ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿಯ ಪ್ರಕಾರ, ಅಭಿವೃದ್ಧಿ ಹೊಂದಿದ ದೇಶಗಳಲ್ಲಿಯೂ ದೀರ್ಘಕಾಲೀನ ಚಿಕಿತ್ಸೆಯ ಅನುಸರಣೆ ಸರಾಸರಿ ಶೇ. 50ರಷ್ಟು ಮಾತ್ರ; ಅಭಿವೃದ್ಧಿಶೀಲ ದೇಶಗಳಲ್ಲಿ ಅದು ಇನ್ನೂ ಕಡಿಮೆ.

ಕಾರಣಗಳು

ಇದನ್ನು ರೋಗಿಯ ಅಸಡ್ಡೆಯೆಂದೇ ಭಾವಿಸುವುದು ಸರಿಯಲ್ಲ. ರೋಗಿ, ರೋಗ, ಔಷಧ, ಆರೋಗ್ಯ ವ್ಯವಸ್ಥೆ ಹಾಗೂ ಆರ್ಥಿಕ-ಸಾಮಾಜಿಕ ಸ್ಥಿತಿ ಎಂಬ ಐದು ಬಗೆಯ ಕಾರಣಗಳನ್ನು ಆ ವರದಿ ಗುರುತಿಸಿದೆ.

* ಲಕ್ಷಣಗಳಿಲ್ಲದಿರುವಿಕೆ: ಅಧಿಕ ರಕ್ತದೊತ್ತಡವು ಬಹುಮಟ್ಟಿಗೆ ನೋವು ಕೊಡುವುದಿಲ್ಲ; ಆದುದರಿಂದ ಮಾತ್ರೆ ಅನಾವಶ್ಯಕವೆನಿಸುತ್ತದೆ. ಕ್ಷಯರೋಗದಲ್ಲಿ ಕೆಲವು ವಾರಗಳಲ್ಲಿಯೇ ಕೆಮ್ಮು ತಗ್ಗಿದರೂ ಸಾಮಾನ್ಯ ಚಿಕಿತ್ಸೆ ಆರು ತಿಂಗಳದ್ದು.
* ಅಡ್ಡಪರಿಣಾಮ: ಮೆಟ್‌ಫಾರ್ಮಿನ್‌ನಿಂದ ಹೊಟ್ಟೆ ಕೆಡಬಹುದು, ಆಮ್ಲೋಡಿಪಿನ್‌ನಿಂದ ಪಾದ ಊದಬಹುದು. ರಿಫಾಂಪಿಸಿನ್ ಮೂತ್ರವನ್ನು ಕೆಂಪಾಗಿಸುತ್ತದೆ. ಇದು ನಿರಪಾಯವಾದರೂ, ಮೊದಲೇ ತಿಳಿಸದಿದ್ದರೆ ರೋಗಿ ಹೆದರುತ್ತಾನೆ.
* ನಂಬಿಕೆ: ಮಾತ್ರೆ ಉಷ್ಣ, ಒಮ್ಮೆ ಹಿಡಿದರೆ ಬಿಡಲಾಗದು ಎಂಬ ಅಂಜಿಕೆ.
* ಇತರೆ: ಖರ್ಚು, ಮರೆವು, ಹಲವು ಮಾತ್ರೆಗಳ ಗೊಂದಲ, ಓದಲಾಗದ ಚೀಟಿ.

ಶಿವಮೊಗ್ಗ ಮತ್ತು ಭದ್ರಾವತಿ

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯು ಜಿಲ್ಲೆಯ ಪ್ರಮುಖ ಸರ್ಕಾರಿ ಬೋಧನಾ ಆಸ್ಪತ್ರೆ. ದೂರದ ಹಳ್ಳಿಯಿಂದ ಬರುವ ಕೂಲಿಕಾರರಿಗೆ ಔಷಧ ಉಚಿತವಾಗಿ ಸಿಕ್ಕರೂ ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿಯ ನಷ್ಟ ತಪ್ಪುವುದಿಲ್ಲ. ಭದ್ರಾವತಿಯು 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಕೈಗಾರಿಕಾ ಪಟ್ಟಣ. ಇಂತಹ ಊರುಗಳಲ್ಲಿ ರಾತ್ರಿ ಪಾಳಿಯವರ ಊಟ, ನಿದ್ರೆಗಳ ವೇಳೆ ವಾರವಾರಕ್ಕೂ ಬದಲಾಗುವುದರಿಂದ "ರಾತ್ರಿ ಊಟದ ನಂತರ" ಎಂಬ ಸೂಚನೆ ಅಸ್ಪಷ್ಟವಾಗುತ್ತದೆ.

ಪರಿಣಾಮಗಳು

ಕ್ಷಯದ ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಔಷಧಕ್ಕೆ ಬಗ್ಗದ ಕ್ಷಯ ಉಂಟಾಗಿ ಇತರರಿಗೂ ಹರಡಬಹುದು. ಅಪಸ್ಮಾರದ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಪ್ರಾಣಾಪಾಯಕಾರಿ ಸೆಳವು ಬರಬಹುದು. ನಿಯಂತ್ರಣವಿಲ್ಲದ ರಕ್ತದೊತ್ತಡವು ಪಾರ್ಶ್ವವಾಯು ಹಾಗೂ ಮೂತ್ರಪಿಂಡದ ವೈಫಲ್ಯಕ್ಕೆ ದಾರಿಯಾಗುತ್ತದೆ.

ಪರಿಹಾರ ಕ್ರಮಗಳು

ದಿನಕ್ಕೊಂದೇ ಮಾತ್ರೆಯ ಸಂಯೋಜನೆ, ವಾರದ ಮಾತ್ರೆಪೆಟ್ಟಿಗೆ, ಕನ್ನಡದಲ್ಲಿ ಬರೆದ ಸೂಚನೆ, ಜನೌಷಧಿ ಕೇಂದ್ರಗಳ ಕಡಿಮೆ ಬೆಲೆಯ ಔಷಧ ಹಾಗೂ ಆಶಾ ಕಾರ್ಯಕರ್ತೆಯರ ಭೇಟಿ ನೆರವಾಗುತ್ತವೆ. ಕ್ಷಯರೋಗಿಗಳಿಗೆ 2018ರಿಂದ ನಿಕ್ಷಯ್ ಪೋಷಣ್ ಯೋಜನೆಯಡಿ ಪೌಷ್ಟಿಕ ಆಹಾರಕ್ಕಾಗಿ ಮಾಸಿಕ ಧನಸಹಾಯ ದೊರೆಯುತ್ತಿದೆ. ರೋಗಿಯು ಮಾತ್ರೆ ಬಿಟ್ಟುದನ್ನು ಅಂಜದೆ ಹೇಳಬಲ್ಲನಾದರೆ, ವೈದ್ಯರು ಔಷಧವನ್ನೋ ಅದರ ವೇಳೆಯನ್ನೋ ಬದಲಿಸಿಕೊಡಲು ಸಾಧ್ಯವಾಗುತ್ತದೆ.